‘ಅದು ಔಷಧ ಅಲ್ರಿ, ತಾಕತ್ತಿಂದು’: ಸೊಲ್ಲಾಪುರ ಸೀಮೆಯ ಒಂದು ಪ್ರಕರಣ

ಈ ಪ್ರಕರಣದ ಹೆಣ್ಣುಮಗಳನ್ನು ಗಂಗವ್ವ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು ಹೇಳುವುದಿಲ್ಲ, ಮನೆಮಂದಿಯ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಹೊರಹಾಕಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಬೀಡಿ ಕಟ್ಟುವ ಓಣಿಯಲ್ಲಿ ಒಂದು ಮಾತು ಎಷ್ಟು ಹೊತ್ತಿನಲ್ಲಿ ಎಷ್ಟು ಮನೆ ದಾಟುತ್ತದೆ ಎಂಬುದನ್ನು ಕಂಡವರಿಗೆ ಆ ಕಾಯ್ದೆಯ ಬೆಲೆ ಬೇರೆಯಾಗಿ ಹೇಳಬೇಕಿಲ್ಲ.

ನಾನು 2009ರಿಂದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಆಪ್ತಸಮಾಲೋಚಕಿ. ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಗುಳಿಗೆಗಳ ಚಿಕಿತ್ಸೆ) ಕೇಂದ್ರಕ್ಕೆ ಬರುವವರ ಊಟ, ತೂಕ, ಗುಳಿಗೆಯ ಶಿಸ್ತು ನೋಡುವುದು ನಮ್ಮ ಕೆಲಸ. ಮುಂದೆ ಹೇಳುವ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದು. ಬೇರೆಯವರದಾಗಿದ್ದರೆ ಇಷ್ಟು ವಿವರವಾಗಿ ಬರೆಯುವ ಹಕ್ಕು ನನಗಿರುತ್ತಿರಲಿಲ್ಲ.

ಹಿನ್ನೆಲೆ

ಅಕ್ಕಲಕೋಟೆ ಸುತ್ತಿನ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಗಂಗವ್ವ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವರು. ವಯಸ್ಸು 43. ಗಂಡ ತೀರಿಕೊಂಡ ಮರುವರ್ಷ, 2014ರಲ್ಲಿ ಅವರಿಗೆ ಎಚ್‌ಐವಿ ಇರುವುದು ತಿಳಿಯಿತು. ಆಗ ಸಿಡಿ4, ಅಂದರೆ ಎಚ್‌ಐವಿಯಿಂದ ಕುಗ್ಗುವ ರಕ್ಷಣಾ ಕೋಶಗಳ, ಎಣಿಕೆ 212. ಮಗ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಅವನೊಬ್ಬನಿಗೆ ವಿಷಯ ಗೊತ್ತು. ಸೊಸೆಗೆ, ನಾದಿನಿಗೆ ಗೊತ್ತಿಲ್ಲ.

ಚಿಕಿತ್ಸೆ ಶುರುವಾದದ್ದು ಎಫಾವಿರೆನ್ಜ್ ಇರುವ ಗುಳಿಗೆಯಿಂದ. ಅದನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳಬೇಕಿತ್ತು, ಏಳು ವರ್ಷ ಹಾಗೆಯೇ ತೆಗೆದುಕೊಂಡರು. 2021ರಲ್ಲಿ ಎಲ್ಲರಂತೆ ಅವರನ್ನೂ ಟಿಎಲ್‌ಡಿಗೆ ಬದಲಿಸಲಾಯಿತು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಗುಳಿಗೆಯಲ್ಲಿ, ದಿನಕ್ಕೆ ಒಂದು. ಹಳೆಯ ಗುಳಿಗೆಯ ತಲೆಸುತ್ತು, ಕೆಟ್ಟ ಕನಸು ಇದರಲ್ಲಿ ಕಡಿಮೆ. ನಮಗೆಲ್ಲ ಖುಷಿಯಾಗಿತ್ತು. ಗಂಗವ್ವನಿಗೆ ಮಾತ್ರ ರಾತ್ರಿ ನಿದ್ದೆ ಹಾರಿತು. ಕೇಳಿದಾಗ ನಾನೇ ಹೇಳಿದೆ: ‘ಹಂಗಾರ ಮುಂಜಾನಿ ತಗೋರಿ ಅಕ್ಕಾ. ಇದನ್ನ ಯಾವಾಗ ಬೇಕಾದ್ರೂ ತಗೋಬಹುದು.’

ಆ ಮಾತು ತಪ್ಪಲ್ಲ, ಆದರೆ ಅರ್ಧ.

2021ರ ಡಿಸೆಂಬರಿನಲ್ಲಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಎಣಿಕೆ) ಪತ್ತೆಯಾಗದ ಮಟ್ಟದಲ್ಲಿತ್ತು. 2022ರ ಡಿಸೆಂಬರಿನಲ್ಲಿ 640 ಬಂತು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ 1,000ಕ್ಕಿಂತ ಕಡಿಮೆ ಇದ್ದರೆ ವೈರಸ್ ಹತೋಟಿಯಲ್ಲಿದೆ ಎಂದು ಲೆಕ್ಕ. ಹಾಗಾಗಿ ಕಾರ್ಡಿನ ಮೇಲೆ ಸರಿ ಗುರುತು ಬಿತ್ತು. ಒಂದು ವರ್ಷದಲ್ಲಿ ಶೂನ್ಯದ ಹತ್ತಿರದಿಂದ 640ಕ್ಕೆ ಏಕೆ ಏರಿತು ಎಂದು ಯಾರೂ ಕೇಳಲಿಲ್ಲ.

ಸಮಸ್ಯೆ

2023ರ ಡಿಸೆಂಬರಿನಲ್ಲಿ 2,870. ತೂಕ ಎರಡು ವರ್ಷದ ಹಿಂದೆ 47 ಕಿಲೋ ಇದ್ದದ್ದು 41.5ಕ್ಕೆ ಇಳಿದಿತ್ತು. ಎಚ್‌ಐವಿ ಇರುವವರ ತೂಕ ಇಳಿದರೆ ಮೊದಲು ಕ್ಷಯವನ್ನು ಅನುಮಾನಿಸಬೇಕು. ವೈದ್ಯರು ಅದನ್ನು ಸರಿಯಾಗಿಯೇ ಮಾಡಿದರು. ಕೆಮ್ಮಿಲ್ಲ, ಜ್ವರವಿಲ್ಲ, ರಾತ್ರಿ ಬೆವರಿಲ್ಲ. ಕಫದ ಪರೀಕ್ಷೆಯಲ್ಲೂ ಎದೆಯ ಎಕ್ಸ್‌ರೇಯಲ್ಲೂ ಏನೂ ಸಿಗಲಿಲ್ಲ. ಹಿಮೋಗ್ಲೋಬಿನ್ 9.4.

ಉಳಿದದ್ದು ಒಂದೇ ಅನುಮಾನ, ಗುಳಿಗೆ ತಪ್ಪಿಸುತ್ತಿದ್ದಾರೆ ಎಂಬುದು. ಆದರೆ ಪ್ರತಿ ಸಲ ಡಬ್ಬಿ ಎಣಿಸಿದಾಗಲೂ ಲೆಕ್ಕ ಸರಿಯಾಗಿತ್ತು. ಎಣಿಕೆಗೆ ಸರಿಹೋಗಲೆಂದು ಗುಳಿಗೆ ಚೆಲ್ಲಿ ಬರುವವರನ್ನು ನಾವು ಕಂಡಿದ್ದೇವೆ. ಹಾಗಾಗಿ ಸರಿಯಾದ ಲೆಕ್ಕವೂ ಅವರ ಪರವಾಗಿ ನಿಲ್ಲಲಿಲ್ಲ.

ನಿಯಮದಂತೆ ಮೂರು ತಿಂಗಳು ಹೆಚ್ಚುವರಿ ಸಮಾಲೋಚನೆ ನಡೆಯಿತು. ಕೇಂದ್ರದಲ್ಲಿ ಮರಾಠಿಯಲ್ಲಿ, ನನ್ನ ಬಳಿ ಕನ್ನಡದಲ್ಲಿ. ಮೂರು ಸಲವೂ ಒಂದು ಪ್ರಶ್ನೆ ಇದ್ದೇ ಇತ್ತು: ‘ದುಸರಂ ಕಾಹೀ ಔಷಧ ಘೇತಾ ಕಾ?’ ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ, ಬೇರೆ ಏನಾರ ಔಷಧ ತಗೋತೀರೇನು ಎಂದು. ಅಲ್ಲಿ ‘ನಾಹೀ’, ಇಲ್ಲಿ ‘ಇಲ್ರಿ’. ಕಾರ್ಡಿನ ಆ ಕಾಲಂನಲ್ಲಿ ಮೂರು ಸಲ ‘ಇಲ್ಲ’ ಎಂದು ಬರೆದಿದೆ, ಎರಡು ನನ್ನ ಕೈಬರಹ.

2024ರ ಮಾರ್ಚಿನಲ್ಲಿ ಮರುಪರೀಕ್ಷೆ: 4,120. ಅವತ್ತು ನಾನು ದನಿ ಏರಿಸಿದೆ. ಹತ್ತು ವರ್ಷದ ಪರಿಚಯ ಅನ್ನುವ ಸಲಿಗೆಯಲ್ಲಿ ಏರಿಸಿದೆ ಎಂದು ಆಗ ಅಂದುಕೊಂಡಿದ್ದೆ. ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದರು: ‘ಬಾಯಾರ, ಒಂದ್ ದಿನಾನೂ ತಪ್ಸಿಲ್ರಿ. ನಂಬೂದು ಬಿಡೂದು ನಿಮ್ಗ ಬಿಟ್ಟದ್ದು.’

ಮೊದಲ ಔಷಧ ಸೋತಾಗ ಕೊಡುವ ಎರಡನೇ ಹಂತದ ಔಷಧಕ್ಕೆ ಬದಲಿಸಲು ತಜ್ಞರ ಸಮಿತಿಗೆ ಕಡತ ಕಳಿಸುವ ಮಾತು ಬಂತು. ಅಲ್ಲಿ ವೈದ್ಯರು ಒಂದು ನಿರ್ಧಾರ ಮಾಡಿದರು. ಈ ಪ್ರಕರಣದ ಮೊದಲ ತಿರುವು ಅದೇ ಎನ್ನುತ್ತೇನೆ. ‘ಕಡತ ಒಂದು ತಿಂಗಳು ತಡವಾದರೆ ಆಕಾಶ ಬೀಳುವುದಿಲ್ಲ, ಮೊದಲು ಮನೆಗೆ ಹೋಗಿ ಬನ್ನಿ,’ ಎಂದರು. ಹೋಗಿ ಏನು ನೋಡಬೇಕೆಂದು ಹೇಳಲಿಲ್ಲ. ಪ್ರಾಯಶಃ ಅವರಿಗೂ ಗೊತ್ತಿರಲಿಲ್ಲ.

ಮುಂಜಾನೆ ಆರೂವರೆ

ಮನೆ ಭೇಟಿಗೆ ನಾವು ಸಂಸ್ಥೆಯ ಹೆಸರಿನ ಗಾಡಿಯಲ್ಲಿ ಹೋಗುವುದಿಲ್ಲ, ಎಸ್‌ಟಿ ಬಸ್ಸಿನಲ್ಲಿ ಹೋಗುತ್ತೇವೆ. ಓಣಿಯವರಿಗೆ ನಾನು ಬಚತ್ ಗಟದ (ಉಳಿತಾಯ ಸಂಘದ) ಬಾಯಿ. ಹಿಂದಿನ ರಾತ್ರಿ ಹತ್ತಿರದ ಊರಿನಲ್ಲಿ ಸಹೋದ್ಯೋಗಿಯ ಮನೆಯಲ್ಲಿ ಉಳಿದು ಬೆಳಗಿನ ಮೊದಲ ಬಸ್ಸಿಗೆ ಹೋದೆ. ಗುಳಿಗೆ ತೆಗೆದುಕೊಳ್ಳುವುದನ್ನು ಕಣ್ಣಾರೆ ನೋಡಬೇಕಿತ್ತು. ಸರಿಯಾಗಿ ಹೇಳಬೇಕೆಂದರೆ, ತೆಗೆದುಕೊಳ್ಳುತ್ತಿಲ್ಲ ಎಂಬುದನ್ನು ಹಿಡಿಯಬೇಕೆಂದೇ ಹೋಗಿದ್ದೆ.

ಗಂಗವ್ವ ಮುಖ ತೊಳೆದು, ದೇವರಿಗೆ ಕೈಮುಗಿದು, ಮಾಡದಿಂದ ಸ್ಟೀಲ್ ಡಬ್ಬಿ ಇಳಿಸಿದರು. ಅಂಗೈ ಮೇಲೆ ಟಿಎಲ್‌ಡಿ ಇಟ್ಟುಕೊಂಡರು. ಅದರ ಪಕ್ಕ ಒಂದು ಬಿಳಿ ಗುಳಿಗೆ. ಅದರ ಪಕ್ಕ ಕೆಂಪು ಗುಳಿಗೆ. ಆಮೇಲೆ ಹೊಳೆಯುವ ಹಸಿರು ಕ್ಯಾಪ್ಸೂಲ್. ನಾಲ್ಕನ್ನೂ ಒಟ್ಟಿಗೆ ಬಾಯಿಗೆ ಹಾಕಿ, ಬಿಸಿನೀರಿಗೆ ಒಂದು ಚಮಚ ಪುಡಿ ಕಲಸಿ ಗಟಗಟ ಕುಡಿದರು. ಹತ್ತು ನಿಮಿಷಕ್ಕೆ ಎದೆ ಉರಿಯಿತು. ಗುಲಾಬಿ ಬಣ್ಣದ ಜೆಲ್ ಬಾಟಲಿ ತೆಗೆದು ಎರಡು ಮುಚ್ಚಳ ಕುಡಿದರು. ನಂತರ ಚಹಾ. ಊಟ ಹನ್ನೊಂದಕ್ಕೆ, ಅದೂ ಬೀಡಿ ಒಂದು ಲೆಕ್ಕಕ್ಕೆ ಬಂದರೆ.

‘ಇವೆಲ್ಲ ಏನ್ರಿ ಅಕ್ಕಾ?’ ಎಂದೆ. ‘ಬೇರೆ ಔಷಧ ಇಲ್ಲ ಅಂದಿದ್ರಲ್ಲ?’

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. ‘ಅದು ಔಷಧ ಅಲ್ರಿ, ತಾಕತ್ತಿಂದು. ಔಷಧಂದ್ರ ಜಡ್ಡಿಗಿ.’

ಅವರು ಸುಳ್ಳು ಹೇಳಿರಲಿಲ್ಲ. ಮರಾಠಿಯಲ್ಲಿ ಕೇಳಿದಾಗಲೂ ಕನ್ನಡದಲ್ಲಿ ಕೇಳಿದಾಗಲೂ ಅವರು ಕೊಟ್ಟದ್ದು ನಿಜವಾದ ಉತ್ತರ. ‘ಔಷಧ’ ಎಂಬ ಮಾತಿನೊಳಗೆ ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಕ್ಯಾಪ್ಸೂಲ್, ಪ್ರೋಟೀನ್ ಪುಡಿ ಯಾವುದೂ ಬರುವುದಿಲ್ಲ ಎಂಬುದು ನಮಗೆ ಹೊಳೆದಿರಲಿಲ್ಲ. ಎದೆಯುರಿಯ ಜೆಲ್ ಕೂಡ ಅವರ ಪಾಲಿಗೆ ಔಷಧವಲ್ಲ. ಅದು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.

ಡಬ್ಬಿಯ ತಳದಲ್ಲಿ ಮಡಿಚಿಟ್ಟ ಕಾಗದವೊಂದಿತ್ತು, ನಮ್ಮದೇ ಕರಪತ್ರ. ಯಾರ ಕೈಗೆ ಸಿಕ್ಕರೂ ತೊಂದರೆಯಾಗದಿರಲೆಂದು ಎಚ್‌ಐವಿ ಎಂಬ ಶಬ್ದವೇ ಇಲ್ಲದಂತೆ ಕನ್ನಡದಲ್ಲಿ ಮಾಡಿಸಿದ್ದು. ‘ಪೌಷ್ಟಿಕ ಆಹಾರ, ವಿಟಮಿನ್, ಶಕ್ತಿವರ್ಧಕ ಪದಾರ್ಥಗಳನ್ನು ತಪ್ಪದೆ ಸೇವಿಸಿ’ ಎಂಬ ಸಾಲಿನ ಕೆಳಗೆ ನೀಲಿ ಪೆನ್ನಿನ ಗೆರೆ. ಆ ಗೆರೆ ಎಳೆದವಳು ನಾನು.

ಪುಡಿಯನ್ನೂ ಕ್ಯಾಪ್ಸೂಲನ್ನೂ ಮಾರಿದವರು ನಾದಿನಿ. ಯಾವುದೋ ಚೈನ್ ಕಂಪನಿಗೆ ಸೇರಿದ್ದರು. ಕಂಪನಿಯ ಹೆಸರು ಇಲ್ಲಿ ಬೇಡ, ಇಂಥವು ತಾಲೂಕಿಗೆ ಹತ್ತಿವೆ. ಗಂಗವ್ವ ಅನುಮಾನಿಸಿದಾಗ ನಾದಿನಿ ಈ ಕರಪತ್ರವನ್ನೇ ಓದಿ ತೋರಿಸಿ, ‘ನೋಡು, ದವಾಖಾನಿಯವರ ಬರ್ದಾರ’ ಎಂದಿದ್ದರಂತೆ. ತಿಂಗಳಿಗೆ 1,850 ರೂಪಾಯಿ, ಅರ್ಧ ಉದ್ರಿ.

ಹೊಟ್ಟೆಯಲ್ಲಿ ಏನಾಗುತ್ತಿತ್ತು

ಡೊಲುಟೆಗ್ರಾವಿರ್ ಕೆಲಸ ಮಾಡುವ ಬಗೆಯಲ್ಲೇ ಇದರ ಗುಟ್ಟು ಇದೆ. ವೈರಸ್ಸು ತನ್ನ ಅಂಶವನ್ನು ನಮ್ಮ ಜೀವಕೋಶದ ಡಿಎನ್‌ಎಗೆ ಹೊಲಿಯಲು ಬಳಸುವ ಕಿಣ್ವದಲ್ಲಿ ಮೆಗ್ನೀಸಿಯಂ ಇರುತ್ತದೆ. ಆ ಲೋಹವನ್ನು ಕಚ್ಚಿ ಹಿಡಿದು ಕಿಣ್ವವನ್ನು ನಿಲ್ಲಿಸುವುದು ಈ ಔಷಧದ ಕೆಲಸ. ಹೊಟ್ಟೆಯಲ್ಲೇ ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್, ಮೆಗ್ನೀಸಿಯಂ, ಅಲ್ಯೂಮಿನಿಯಂ ಸಿಕ್ಕರೆ ಅಲ್ಲೇ ಕಚ್ಚಿಕೊಂಡುಬಿಡುತ್ತದೆ, ರಕ್ತಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಆರೋಗ್ಯವಂತರ ಮೇಲೆ ನಡೆದ ಅಧ್ಯಯನಗಳಲ್ಲಿ, ಬರಿಹೊಟ್ಟೆಯಲ್ಲಿ ಕ್ಯಾಲ್ಸಿಯಂ ಜೊತೆ ತೆಗೆದುಕೊಂಡರೆ ರಕ್ತ ಸೇರುವ ಡೊಲುಟೆಗ್ರಾವಿರ್ ಶೇ. 39ರಷ್ಟು, ಕಬ್ಬಿಣದ ಜೊತೆ ಶೇ. 54ರಷ್ಟು, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುವ ಆ್ಯಂಟಾಸಿಡ್ (ಎದೆಯುರಿಯ ಜೆಲ್‌ನಂಥದ್ದು) ಜೊತೆ ಶೇ. 74ರಷ್ಟು ಕಡಿಮೆಯಾದದ್ದು ಕಂಡಿದೆ. ಗಂಗವ್ವ ಎಲ್ಲವನ್ನೂ ಒಂದೇ ಸಲಕ್ಕೆ, ಬರಿಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದರು.

ಊಟದ ಜೊತೆ ತೆಗೆದುಕೊಂಡರೆ ಕ್ಯಾಲ್ಸಿಯಂ, ಕಬ್ಬಿಣಗಳಿಂದ ಈ ತೊಂದರೆ ಇರುವುದಿಲ್ಲ. ಇಲ್ಲವಾದರೆ ಟಿಎಲ್‌ಡಿಯನ್ನು ಅವುಗಳಿಗಿಂತ ಎರಡು ತಾಸು ಮೊದಲು ಅಥವಾ ಆರು ತಾಸು ಆದಮೇಲೆ ತೆಗೆದುಕೊಳ್ಳಬೇಕು. ಆ್ಯಂಟಾಸಿಡ್‌ಗಂತೂ ಈ ಅಂತರ ಬೇಕೇ ಬೇಕು. ಎಫಾವಿರೆನ್ಜ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಗುಳಿಗೆ ಬದಲಾಯಿತು, ಸಮಯ ಬದಲಾಯಿತು, ನಾವು ಕೇಳುವ ಪ್ರಶ್ನೆ ಮಾತ್ರ ಹಳೆಯದೇ ಉಳಿಯಿತು.

ನಮ್ಮ ಸಲಹೆಗೂ ವಯಸ್ಸಾಗಿತ್ತು. ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಕೊಡಲು ಬೇರೆ ಏನೂ ಇಲ್ಲದಿದ್ದಾಗ ಊಟ, ವಿಟಮಿನ್ನುಗಳೇ ಆಸರೆ. ತಾಂಜಾನಿಯಾದಲ್ಲಿ ಎಚ್‌ಐವಿ ಇದ್ದ ಗರ್ಭಿಣಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿ, ಸಿ, ಇ ವಿಟಮಿನ್ನುಗಳು ಕಾಯಿಲೆ ಬೆಳೆಯುವುದನ್ನು ನಿಧಾನಿಸಿದ್ದವು. ಅವರು ಎಆರ್‌ಟಿ ಇಲ್ಲದವರು. ಅಲ್ಲಿಯೂ ವಿಟಮಿನ್ ಎ ಕೊಟ್ಟ ಗುಂಪಿನಲ್ಲಿ ಮಗುವಿಗೆ ಸೋಂಕು ದಾಟುವುದು ಹೆಚ್ಚಾಗಿತ್ತು. ಅದೇ ದೇಶದಲ್ಲಿ ಎಆರ್‌ಟಿ ಶುರುಮಾಡಿದವರಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ, ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಎಂಬ ಕಿಣ್ವ ಏರಿತು. ಅದು 2012ರ ಮಾತು. ನಮ್ಮ ಕರಪತ್ರ ಅಚ್ಚಾದದ್ದು ಅದಕ್ಕೂ ಮುಂಚೆ.

ತೂಕ ಇಳಿದದ್ದೇಕೆ

ಅವತ್ತೇ ಇನ್ನೊಂದು ಸಂಗತಿ ಕಂಡಿತು. ಗಂಗವ್ವ ನನಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದರು. ತಾವು ರೊಟ್ಟಿಯ ಚೂರನ್ನು ಚಹಾದಲ್ಲಿ ಅದ್ದಿ, ಮೆತ್ತಗಾಗುವವರೆಗೆ ಕಾದು ನುಂಗುತ್ತಿದ್ದರು. ಎರಡೂ ಕಡೆಯ ದವಡೆ ಹಲ್ಲು ಹುಳುಕಾಗಿದ್ದವು. ‘ಅಗಿಯಾಕ ಆಗಂಗಿಲ್ರಿ. ಎರಡ್ ವರ್ಷ ಆತು.’ ನಮ್ಮಲ್ಲಿ ಅವರನ್ನು ಅದೆಷ್ಟು ಸಲ ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದೇವೋ! ಒಂದು ಸಲವೂ ‘ಬಾಯಿ ತೆಗೀರಿ’ ಅಂದಿರಲಿಲ್ಲ.

ರೊಟ್ಟಿ ಅಗಿಯಲಾಗದು, ಕಾಳು ಅಗಿಯಲಾಗದು. ಚಹಾ, ಗಂಜಿ, ಅನ್ನ. ತೂಕ ಇಳಿಯಿತು. ಇಳಿದದ್ದನ್ನು ಕಂಡ ನಾದಿನಿ ಪುಡಿ ತಂದರು. ಪುಡಿಯ ಹಣಕ್ಕೆ ಮನೆಯ ಹಾಲೆಲ್ಲ ಡೇರಿಗೆ ಹೋಯಿತು. ಪುಡಿಯ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ, 100 ಗ್ರಾಮಿನಲ್ಲಿ 32 ಗ್ರಾಂ ಪ್ರೋಟೀನ್ ಎಂದಿತ್ತು. ‘ಔಷಧಿಯಾಗಿ ಬಳಸಲು ಅಲ್ಲ’ ಎಂಬ ಕಡ್ಡಾಯದ ಸಾಲೂ ಇತ್ತು. ಅವರು ಉಳಿತಾಯಕ್ಕೆಂದು ದಿನಕ್ಕೆ ಒಂದೇ ಚಮಚ, ಸುಮಾರು 10 ಗ್ರಾಂ, ಹಾಕುತ್ತಿದ್ದರು. ಅಂದರೆ ಮೂರು ಗ್ರಾಂ ಪ್ರೋಟೀನ್. ಒಂದು ತತ್ತಿಯಲ್ಲಿ ಅದರ ಎರಡರಷ್ಟಿದೆ.

ಲಕ್ಷಣಗಳಿಲ್ಲದ ಎಚ್‌ಐವಿ ಸೋಂಕಿತರಿಗೆ ಬೇಕಾಗುವ ಹೆಚ್ಚುವರಿ ಶಕ್ತಿ ಸುಮಾರು ಶೇ. 10, ಕಾಯಿಲೆ ಮೇಲೆದ್ದಾಗ ಶೇ. 20ರಿಂದ 30 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಶೇ. 10 ಅಂದರೆ ಒಬ್ಬ ಹೆಣ್ಣುಮಗಳಿಗೆ 200 ಕ್ಯಾಲೊರಿ ಆಸುಪಾಸು. ಒಂದು ದೊಡ್ಡ ಹಿಡಿ ಶೇಂಗಾದಲ್ಲಿ ಅಷ್ಟು ಸಿಗುತ್ತದೆ. ಶೇಂಗಾ ಬೆಳೆಯುವ ನಾಡಿನಲ್ಲಿ ಕೂತು ನಾನು ‘ಶಕ್ತಿವರ್ಧಕ’ ಎಂಬ ಶಬ್ದಕ್ಕೆ ಗೆರೆ ಎಳೆದಿದ್ದೆ.

ಮಾಡಿದ್ದು, ಮತ್ತೆ ಕೆಟ್ಟದ್ದು

ಮನೆಯಿಂದ ಹೊರಡುವಾಗ ನಾನು ಗಾಬರಿಯಲ್ಲಿ ಹೇಳಿದ್ದು: ‘ನಮ್ಮ ಗುಳಿಗಿ ಒಂದ ತಗೋರಿ. ಉಳದದ್ದೆಲ್ಲಾ ಇವತ್ತ ಬಿಡ್ರಿ.’ ವೈದ್ಯರನ್ನು ಕೇಳದೆ ಹೇಳಿದೆ. ಗಂಗವ್ವ ಹೇಳಿದ್ದನ್ನು ಹೇಳಿದಂತೆ ಮಾಡುವವರು. ಎಲ್ಲವನ್ನೂ ಬಿಟ್ಟರು, ಕೆಂಪು ಗುಳಿಗೆಯನ್ನೂ. ಅದು ರಕ್ತಹೀನತೆಗೆಂದು ಆರೋಗ್ಯ ಉಪಕೇಂದ್ರದವರು ಕೊಟ್ಟ ಕಬ್ಬಿಣ, ನಾದಿನಿಯ ಸರಕಲ್ಲ. ಐದು ವಾರಕ್ಕೆ ನೀರಿನ ಕೊಡ ಇಳಿಸುವಾಗ ತಲೆಸುತ್ತಿ ಬಿದ್ದರು. ಹಿಮೋಗ್ಲೋಬಿನ್ 8.3.

ಆಮೇಲೆ ಕೂತು ಒಂದೊಂದಾಗಿ ತೀರ್ಮಾನಿಸಿದೆವು. ಟಿಎಲ್‌ಡಿಯನ್ನು ಮತ್ತೆ ರಾತ್ರಿಗೆ ಹಾಕುವಂತಿಲ್ಲ, ನಿದ್ದೆ ಹೋಗುತ್ತದೆ. ಹಾಗಾಗಿ ಮುಂಜಾನೆ ಒಂಬತ್ತಕ್ಕೆ ನುಚ್ಚೋ ಕಿಚಡಿಯೋ ಉಂಡ ಕೂಡಲೇ. ಕಬ್ಬಿಣ ಸಂಜೆ ಐದಕ್ಕೆ, ಲಿಂಬೆಹಣ್ಣಿನ ನೀರಿನ ಜೊತೆ, ಚಹಾ ಒಂದು ತಾಸು ಬಿಟ್ಟು. ಕ್ಯಾಲ್ಸಿಯಂ ಬೇಕೆನ್ನಲು ಕಾರಣ ಸಿಗಲಿಲ್ಲ. ಮಜ್ಜಿಗೆ, ಎಳ್ಳಿನ ಹಿಂಡಿ ಸಾಕು. ಜಿಂಕ್ ಕ್ಯಾಪ್ಸೂಲ್ ಬಂದ್. ಜೆಲ್ ಬಿಡಿಸುವುದು ಕಷ್ಟವಾದೀತೆಂದು ಹೆದರಿದ್ದೆವು. ಚಹಾಕ್ಕೆ ಮೊದಲು ಹೊಟ್ಟೆಗೆ ಏನಾದರೂ ಬೀಳತೊಡಗಿದ ಮೇಲೆ ಎದೆಯುರಿ ತಾನೇ ಇಳಿಯಿತು.

ಪುಡಿಯ ವಿಷಯದಲ್ಲಿ ವೈದ್ಯರಿಗೂ ನನಗೂ ಒಮ್ಮತವಾಗಲಿಲ್ಲ. ‘ಪುಡಿ ವಿಷವೇನಲ್ಲ, ಸಂಜೆ ಕುಡಿಯಲಿ, ಮನಸ್ಸಿಗೆ ಸಮಾಧಾನ,’ ಎಂದರು ಅವರು. ವೈದ್ಯಶಾಸ್ತ್ರದ ಪ್ರಕಾರ ಅವರ ಮಾತು ಸರಿ. ನನ್ನ ಲೆಕ್ಕ ಬೇರೆ: 1,850 ರೂಪಾಯಿಗೆ ತಿಂಗಳಿಗೆ 30 ತತ್ತಿ, ಎರಡು ಕಿಲೋ ಶೇಂಗಾ, ಎರಡು ಕಿಲೋ ಹೆಸರುಬೇಳೆ, ದಿನಾ ಅರ್ಧ ಲೀಟರ್ ಹಾಲು ಬಂದು ಇನ್ನೂ ಹಣ ಉಳಿಯುತ್ತದೆ.

ಆದರೆ ಪುಡಿ ಬಿಟ್ಟರೆ ನಾದಿನಿ ಯಾಕೆಂದು ಕೇಳುತ್ತಾಳೆ. ಉದ್ರಿ ಬೇರೆ ಇದೆ. ಏನು ನೆಪ ಹೇಳುವುದೆಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ದಾರಿ ಕಂಡುಕೊಂಡವರು ಗಂಗವ್ವನೇ. ಹಲ್ಲು ಕೀಳಿಸಿಕೊಂಡ ಮರುದಿನ, ಬಾತ ಗಲ್ಲದ ಸಮೇತ ನಾದಿನಿಯ ಮನೆಗೆ ಹೋಗಿ, ‘ಹಲ್ಲಿನ ಡಾಕ್ಟರ್ ಮೆತ್ತಗಿಂದು ಉಣ್ಣು, ಹಾಲು ತತ್ತಿ ಬಿಡಬ್ಯಾಡ ಅಂದಾರವಾ. ಇನ್ನ ಪುಡಿಗಿ ರೊಕ್ಕ ಎಲ್ಲಿಂದ ತರ್ಲಿ?’ ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಉದ್ರಿಯನ್ನು ನಾಲ್ಕು ಕಂತಿನಲ್ಲಿ ತೀರಿಸಿದರು.

ಮಹಾರಾಷ್ಟ್ರ ಸರ್ಕಾರದ ಸಂಜಯ್ ಗಾಂಧಿ ನಿರಾಧಾರ್ ಯೋಜನೆಯಲ್ಲಿ 2024ರಲ್ಲಿ ತಿಂಗಳಿಗೆ 1,500 ರೂಪಾಯಿ ಬರುತ್ತಿತ್ತು. ಎಚ್‌ಐವಿ ಇರುವವರೂ ಅದಕ್ಕೆ ಅರ್ಹರು. ಆದರೆ ಆ ಕಾರಣ ಬರೆದ ಅರ್ಜಿ ಊರಿನ ಕಂದಾಯ ನೋಡುವ ತಲಾಠಿಯ ಮೇಜಿನ ಮೇಲೆ ಹೋಗುವುದು ಅವರಿಗೆ ಬೇಡವಾಗಿತ್ತು. ಹತ್ತು ವರ್ಷ ನಾವು ಅದೊಂದೇ ಖಾನೆ ತೋರಿಸುತ್ತ ಬಂದಿದ್ದೆವು, ಅವರು ಬೇಡವೆನ್ನುತ್ತ ಬಂದಿದ್ದರು. ನಿರಾಧಾರ ವಿಧವೆಯೂ ಅದೇ ಯೋಜನೆಗೆ ಅರ್ಹಳು. ಆ ಖಾನೆಯಲ್ಲಿ ಅರ್ಜಿ ಹಾಕಿಸಿದೆವು.

ಆದದ್ದು

2024ರ ಜುಲೈ ಕೊನೆಯಲ್ಲಿ ವೈರಲ್ ಲೋಡ್ 310. 2025ರ ಜನವರಿಯಲ್ಲಿ ಪತ್ತೆಯಾಗದ ಮಟ್ಟ. ಹಿಮೋಗ್ಲೋಬಿನ್ 11.2, ತೂಕ 45. ಎರಡನೇ ಹಂತದ ಕಡತ ಹೋಗಲೇ ಇಲ್ಲ.

ಇದನ್ನು ಓದುವ ಸಹೋದ್ಯೋಗಿಗಳು ಗಮನಿಸಬೇಕಾದದ್ದು: ರಕ್ತದಲ್ಲಿ ಔಷಧದ ಮಟ್ಟವನ್ನು ನಾವು ಅಳೆಸಲಿಲ್ಲ, ವೈರಸ್ಸು ಔಷಧಕ್ಕೆ ಬಗ್ಗದಂತಾಗಿದೆಯೇ ಎಂದು ನೋಡುವ ಪ್ರತಿರೋಧದ ಪರೀಕ್ಷೆಯೂ ಆಗಲಿಲ್ಲ. ಸಮಯ, ಊಟ, ಜೆಲ್, ಕ್ಯಾಪ್ಸೂಲ್ ಎಲ್ಲವನ್ನೂ ಕೆಲವೇ ವಾರಗಳಲ್ಲಿ ಬದಲಿಸಿದೆವು. ಹಾಗಾಗಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ನನ್ನ ಊಹೆ ಜೆಲ್ ಮೇಲೆ, ಊಹೆ ಮಾತ್ರ.

ಈಗ ನಾವು ಔಷಧದ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇವೆ. ‘ಮುಂಜಾನಿ ಎದ್ದಾಗಿಂದ ರಾತ್ರಿ ಮಲಗೂತನಕ ಬಾಯಾಗ ಏನೇನ್ ಹಾಕೋತೀರಿ, ಹೇಳ್ರಿ’ ಎನ್ನುತ್ತೇವೆ. ಮುಂದಿನ ಸಲ ಮನೆಯ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ ಎನ್ನುತ್ತೇವೆ. ಮೊದಲ ತಿಂಗಳಲ್ಲೇ ಒಬ್ಬ ಹುಡುಗನ ಚೀಲದಲ್ಲಿ ಜಿಮ್ಮಿನ ಪುಡಿ, ಜಿಂಕ್ ಕಂಡವು. ಒಬ್ಬ ಗರ್ಭಿಣಿ ಸರ್ಕಾರದ ಕಬ್ಬಿಣ, ಕ್ಯಾಲ್ಸಿಯಂ, ಟಿಎಲ್‌ಡಿ ಮೂರನ್ನೂ ಮುಂಜಾನೆ ನೀರಿನ ಜೊತೆ ನುಂಗುತ್ತಿದ್ದಳು. ಆಕೆಗೆ ಯಾವುದನ್ನೂ ಬಿಡು ಎನ್ನಲಿಲ್ಲ, ಬಿಡಿಸಲೂಬಾರದು. ಟಿಎಲ್‌ಡಿ ಮುಂಜಾನೆ ಉಂಡಮೇಲೆ, ಕ್ಯಾಲ್ಸಿಯಂ ಮಧ್ಯಾಹ್ನ, ಕಬ್ಬಿಣ ರಾತ್ರಿ ಎಂದು ಹಂಚಿಕೊಟ್ಟೆವು.

ಹಳೆಯ ಕರಪತ್ರದ ಎರಡು ಕಟ್ಟು ಇನ್ನೂ ಕಪಾಟಿನಲ್ಲಿವೆ. ಹೊಸದು ಅಚ್ಚಾಗುವವರೆಗೆ ಆ ಸಾಲನ್ನು ಕಾಟು ಹಾಕಿ, ಪಕ್ಕದಲ್ಲಿ ‘ಒಂದು ಹಿಡಿ ಶೇಂಗಾ’ ಎಂದು ಕೈಯಲ್ಲೇ ಬರೆದು ಕೊಡುತ್ತಿದ್ದೇನೆ. ಗಂಗವ್ವ ತಮ್ಮ ಪ್ರತಿಯನ್ನು ಬದಲಿಸಿಕೊಂಡಿಲ್ಲ. ‘ಇರ್ಲಿ ಬಿಡ್ರಿ ಬಾಯಾರ, ನಿಮ್ಮ ಗೆರಿ ಐತಿ ಅದರಾಗ,’ ಎಂದರು. ನಕ್ಕರೋ ಚುಚ್ಚಿದರೋ ಗೊತ್ತಾಗಲಿಲ್ಲ.